ಲೂಕ 3:11ರಲ್ಲಿ ಎರಡು ಅಂಗಿ ಎಂದಿದೆ

ಪುಟ್ಟಿ,

ಭಾನುವಾರ ಫೋನ್ ಇಟ್ಟಿದ್ದು ನಾನೇ. ಸಿಗ್ನಲ್ ಹೋಯಿತು ಅಂತ ಆಮೇಲೆ ಹಾಕಿದ ಮೆಸೇಜ್ ಸುಳ್ಳು. ನಿನಗೆ ಗೊತ್ತಾಗಿಯೇ ಇರುತ್ತದೆ. ನಾಲ್ಕು ದಿನದಿಂದ ಏನೇನೋ ಟೈಪ್ ಮಾಡಿ ಅಳಿಸಿದೆ. ಫೋನ್ ಕೈಗೆ ಬಂದರೆ ಬೈಗುಳವೇ ಬರುತ್ತದೆ, ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ.

ಮೊದಲು ನೀನು ಆ ಸುಡಾನಿನ ಹುಡುಗನಿಗೆ ನಿನ್ನ ಕೋಟು ಕೊಟ್ಟ ವಿಷಯ ಮುಗಿಸಿಬಿಡುತ್ತೇನೆ.

"ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ ಅಂತ ಬಾಯಿಪಾಠ ಮಾಡಿಸಿದ್ದು ನೀನೇ ಅಲ್ವಾ ಅಮ್ಮಾ" ಅಂದೆ. ಹೌದು, ನಾನೇ. ಬೈಬಲಿನ ಲೂಕ 3:11. ಸ್ನಾನಿಕ ಯೋಹಾನನ ಮಾತು. ಆದರೆ ಅವನು ಎರಡು ಅಂದಿದ್ದಾನೆ ಪುಟ್ಟಿ. ಎರಡು ಇದ್ದವನು. ನಿನ್ನ ಹತ್ತಿರ ಇದ್ದದ್ದು ಒಂದೇ ಒಂದು. ಆ ಮಾರ್ಟಿನ್ ಸಂತನನ್ನೇ ತಗೋ. ನೀನಿರುವ ಫ್ರಾನ್ಸಿನ ಕ್ಯಾಲೆಯಿಂದ ದಕ್ಷಿಣಕ್ಕೆ ಅಮಿಯಾಂ ಎಂಬ ಊರಿದೆಯಲ್ಲ, ನಾಲ್ಕನೇ ಶತಮಾನದಲ್ಲಿ ಅಲ್ಲಿಯ ಊರಬಾಗಿಲಲ್ಲೇ ಆ ಘಟನೆ ನಡೆಯಿತು ಅನ್ನುತ್ತಾರೆ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ರೋಮನ್ ಸೈನಿಕನಾಗಿದ್ದ ಅವನು ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ. ಅರ್ಧ! ಉಳಿದರ್ಧ ತಾನು ಹೊದ್ದುಕೊಂಡು ಹೋದ. ಆ ರಾತ್ರಿ ಅವನ ಕನಸಿಗೆ ಕ್ರಿಸ್ತನು ಬಂದದ್ದು ಕೊಟ್ಟ ಆ ಅರ್ಧವನ್ನೇ ಹೊದ್ದುಕೊಂಡು. ಇನ್ನರ್ಧ ಎಲ್ಲಿ ಅಂತ ಕೇಳಲಿಲ್ಲ.

ನೋಡು, ಬೈಯಬಾರದು ಅಂತಲೇ ಶುರು ಮಾಡಿದ್ದು.

ಹಿಮದ ಫೋಟೊ ಕಳಿಸು ಅಂದರೆ ನೀನು ಕೆಸರಿನ ಫೋಟೊ ಕಳಿಸಿದೆ. ಅಲ್ಲಿ ಹಿಮವೇ ಅಪರೂಪ, ಮಳೆ ಮತ್ತು ಸಮುದ್ರದ ಗಾಳಿಯೇ ಚಳಿಗಾಲ ಅಂದೆ. ಬೆಳಿಗ್ಗೆ ಎಂಟೂವರೆಗೂ ಕತ್ತಲೆ. ಆ ಕತ್ತಲೆಯಲ್ಲಿ ಎದ್ದು, ಮೇಣದಬತ್ತಿ ಹಚ್ಚಿ ಐದಾರು ಜನ ಕೀರ್ತನೆ ಓದಿ, ಆಮೇಲೆ ಸೌದೆ ಸೀಳಿ ಚೀಲಕ್ಕೆ ತುಂಬುವುದು. ಗೋದಾಮಿನಲ್ಲಿ ಬಟ್ಟೆ ವಿಂಗಡಿಸುವುದು. ಶೂಗಳನ್ನು ಲೇಸಿನಿಂದ ಜೋಡಿ ಜೋಡಿ ಕಟ್ಟಿಡುವುದು. ಮಧ್ಯಾಹ್ನ ವ್ಯಾನಿನಲ್ಲಿ ಚಹಾ, ಜನರೇಟರ್, ಉದ್ದುದ್ದ ಚಾರ್ಜಿಂಗ್ ಬೋರ್ಡು. ಇಂಗ್ಲೆಂಡಿಗೆ ದೋಣಿ ಹತ್ತಲು ಕಾದಿರುವ ವಲಸಿಗರು ಅನ್ನಕ್ಕಿಂತ ಮೊದಲು ಫೋನ್ ಚಾರ್ಜಿಗೆ ಸಾಲು ನಿಲ್ಲುತ್ತಾರೆ ಅಂದಾಗ ನಾನು ನಕ್ಕೆ. "ಮನೆಯವರ ದನಿ ಅದರೊಳಗಿದೆ ಅಮ್ಮಾ" ಅಂದೆ ನೀನು. ಆ ಮಾತು ನನ್ನ ಜೊತೆ ಎರಡು ದಿನ ಓಡಾಡಿತು. 2016ರ ಅಕ್ಟೋಬರಿನಲ್ಲಿ ಆ ದೊಡ್ಡ ಶಿಬಿರವನ್ನು ಕೆಡವಿದ ಮೇಲೂ ಜನ ಬರುವುದು ನಿಂತಿಲ್ಲ, ಪೊದೆಗಳಲ್ಲಿ, ಸೇತುವೆಯ ಕೆಳಗೆ ಮಲಗುತ್ತಾರೆ, ಎರಡು ದಿನಕ್ಕೊಮ್ಮೆ ಪೊಲೀಸರು ಬಂದು ಟೆಂಟು ಕೀಳಿಸುತ್ತಾರೆ ಅಂದೆ. ಇವತ್ತು ನೀನು ಕೊಟ್ಟ ಟೆಂಟು ನಾಡಿದ್ದು ಇರುವುದಿಲ್ಲ. ಆದರೂ ಕೊಡುತ್ತೀರಿ. ನನ್ನಿಂದ ಆಗುತ್ತಿರಲಿಲ್ಲ. ಇದನ್ನು ಹೊಗಳಿಕೆ ಅಂತಲೇ ಓದಿಕೋ.

ಆದರೆ ಕೆಮ್ಮು ಎಷ್ಟು ದಿನದಿಂದ?

ಫೋನಿನಲ್ಲಿ ಹನ್ನೊಂದು ಸಲ ಕೆಮ್ಮಿದೆ. ನೀನು ಆ ಸುಡಾನಿನ ಹುಡುಗನ ಕಥೆ ಹೇಳುತ್ತಿದ್ದೆ, ನಾನು ಕೆಮ್ಮು ಎಣಿಸುತ್ತಿದ್ದೆ. ಅದಕ್ಕೇ ಅವನ ಹೆಸರೂ ನನ್ನ ತಲೆಯಲ್ಲಿ ಉಳಿದಿಲ್ಲ. ಅಪ್ಪನ ಆ ಕೊನೆಯ ವಾರ ಇಲ್ಲಿ ಬೇಡ, ಇಬ್ಬರಿಗೂ ಗೊತ್ತಿರುವುದೇ. ನಾನು ಹೇಳಬೇಕಾದದ್ದು ಅದಕ್ಕಿಂತ ಹಿಂದಿನದು.

ನಿನಗೆ ಆಗ ಎರಡೂವರೆ ವರ್ಷ. ನ್ಯುಮೋನಿಯಾ ಆಗಿತ್ತು ಅಂತ ನಿನಗೆ ಗೊತ್ತು, ಅಷ್ಟೇ ಗೊತ್ತು. ಆ ರಾತ್ರಿ ನಿನ್ನ ಅಂಗಿ ಮೇಲಕ್ಕೆ ಸರಿಸಿ, ಎದೆ ನೋಡುತ್ತಾ, ಕೈಗಡಿಯಾರ ಹಿಡಿದು ಉಸಿರು ಎಣಿಸಿದೆ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ದಾಟಿದರೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಅಂತ ನೂರಾರು ತಾಯಂದಿರಿಗೆ ಹೇಳಿಕೊಟ್ಟವಳು ನಾನು. ನಿನಗೆ 52 ಇತ್ತು. ನಂಬಲಿಲ್ಲ. ತಪ್ಪು ಎಣಿಸಿದೆ ಅಂದುಕೊಂಡು ಮತ್ತೆ ಎಣಿಸಿದೆ, 54. ಮೂರನೇ ಸಲ ನಡುವೆ ಲೆಕ್ಕ ತಪ್ಪಿತು. ಇಪ್ಪತ್ತೇಳೋ ಇಪ್ಪತ್ತೆಂಟೋ ಅನ್ನುವಷ್ಟರಲ್ಲಿ ಮುಳ್ಳು ಮುಂದೆ ಹೋಗಿತ್ತು, ಮತ್ತೆ ಒಂದರಿಂದ. ನಾಲ್ಕು ಸಲ ಎಣಿಸಿದ್ದೇನೆ ಪುಟ್ಟಿ. ನರ್ಸ್ ಆದವಳು ಒಂದೇ ಸಲಕ್ಕೆ ಎತ್ತಿಕೊಂಡು ಓಡಬೇಕಿತ್ತು. ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಎಳೆದುಕೊಳ್ಳುತ್ತಿತ್ತು, ಅದು ಕಣ್ಣಿಗೆ ಕಾಣುತ್ತಲೇ ಇತ್ತು, ಆದರೂ ಎಣಿಸುತ್ತಾ ಕೂತೆ. ಸಂಖ್ಯೆ ಕಡಿಮೆ ಬರಲಿ ಅಂತ ಎಣಿಸಿದ್ದು ಅದು.

ಅದಕ್ಕೆ ಮೂರು ದಿನ ಮುಂಚೆ, ವಾರ್ಡಿನಲ್ಲಿದ್ದ ಒಬ್ಬ ರೋಗಿಯ ಮಗು ತಾಯಿಯ ಮಂಚದ ಕೆಳಗೆ ಬರಿಮೈಯಲ್ಲಿ ಮಲಗಿತ್ತು. ನಿನ್ನನ್ನು ಅವತ್ತು ಡ್ಯೂಟಿಗೆ ಜೊತೆಗೇ ಕರೆದುಕೊಂಡು ಹೋಗಿದ್ದೆ. ನಿನ್ನ ಮೈಮೇಲಿನ ಸ್ವೆಟರ್ ಬಿಚ್ಚಿ ಅದಕ್ಕೆ ಹಾಕಿದೆ. ಅಪ್ಪನಿಗೆ ಎಲ್ಲೋ ಕಳೆಯಿತು ಅಂದೆ. ಅವರು ಹೋಗುವವರೆಗೂ ನಿಜ ಹೇಳಲಿಲ್ಲ. ಸ್ವೆಟರ್ ಇಲ್ಲದಿದ್ದರೆ ನ್ಯುಮೋನಿಯಾ ಬರುವುದಿಲ್ಲ, ಅದು ರೋಗಾಣುವಿನಿಂದ ಬರುವುದು ಅಂತ ನನಗೆ ಗೊತ್ತು. ಪರೀಕ್ಷೆಯಲ್ಲಿ ಬರೆದಿದ್ದೇನೆ, ತರಗತಿಯಲ್ಲಿ ಹೇಳಿಕೊಟ್ಟಿದ್ದೇನೆ. ಆದರೂ ನೀನು "ಕೋಟು ಕೊಟ್ಟೆ" ಅಂದ ಕೂಡಲೇ ಕಣ್ಣ ಮುಂದೆ ಬಂದದ್ದು ಆ ಸ್ವೆಟರಿನ ಮೂರು ಗುಂಡಿಗಳು.

ಈಗ ಪಾದಗಳ ವಿಷಯ. ಓದದೆ ಮುಂದಿನ ಪುಟಕ್ಕೆ ಹಾರಬೇಡ. ಹಿಮ ಇಲ್ಲ, ಸೊನ್ನೆಗಿಂತ ಕೆಳಗೆ ಹೋಗಿಲ್ಲ ಅನ್ನುವ ಧೈರ್ಯ ಬೇಡ. ಒದ್ದೆ ಕಾಲುಚೀಲದಲ್ಲಿ ಗಂಟೆಗಟ್ಟಲೆ ನಿಂತರೆ ಅಷ್ಟು ಚಳಿಯಲ್ಲದಿದ್ದರೂ ಪಾದ ಹಾಳಾಗುತ್ತದೆ. ಮೊದಲನೇ ಮಹಾಯುದ್ಧದಲ್ಲಿ ನೀನಿರುವ ಆ ಸೀಮೆಯ ಕಂದಕಗಳಲ್ಲಿ ನಿಂತ ಸೈನಿಕರಿಂದಲೇ ಅದಕ್ಕೆ ಟ್ರೆಂಚ್ ಫುಟ್ ಎಂಬ ಹೆಸರು ಬಂದದ್ದು. ಜುಮುಗುಟ್ಟಿದರೆ, ಮರಗಟ್ಟಿದರೆ ಉಜ್ಜಬೇಡ, ಬೆಂಕಿಗೆ ಹಿಡಿಯಬೇಡ. ಒರೆಸಿ ಒಣಗಿಸು, ನಿಧಾನವಾಗಿ ಬೆಚ್ಚಗಾಗಲಿ. ಚೀಲದಲ್ಲಿ ಒಣ ಕಾಲುಚೀಲ ಒಂದು ಜೊತೆ ಯಾವಾಗಲೂ ಇರಲಿ, ಮತ್ತು ಅದನ್ನು ದಾನ ಮಾಡಬೇಡ. ಆ ಹುಡುಗರ ಪಾದವನ್ನೂ ನೋಡು. ಕೇಳದೆ ಯಾರೂ ಶೂ ಬಿಚ್ಚಿ ತೋರಿಸುವುದಿಲ್ಲ.

ನಿಮ್ಮ ಅಡುಗೆಮನೆ ಗೋಡೆಯ ಮೇಲಿನ ಚಿತ್ರದ ಮದರ್ ಮರಿಯಾ ಸ್ಕಾಬ್ಟ್ಸೊವಾ ಬಗ್ಗೆ ಓದಿದೆ. ಪ್ಯಾರಿಸ್ಸಿನಲ್ಲಿ ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದ ಸಂನ್ಯಾಸಿನಿ, 1945ರ ಮಾರ್ಚಿನಲ್ಲಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ತೀರಿಕೊಂಡಳು, 2004ರಲ್ಲಿ ಸಂತಳೆಂದು ಘೋಷಿಸಿದರು. ಎಲ್ಲರೂ ಬರೆಯುವುದು ಅಷ್ಟನ್ನೇ. ಅವಳಿಗೊಬ್ಬ ತಾಯಿ ಇದ್ದಳು, ಸೋಫಿಯಾ. ಆ ಮುದುಕಿ ಮಗಳು ಹೋದ ಮೇಲೂ ಬದುಕಿದ್ದಳು, ಇನ್ನೊಂದು ಶಿಬಿರದಲ್ಲಿ ಸತ್ತ ಮೊಮ್ಮಗ ಯೂರಿ ಹೋದ ಮೇಲೂ. ನಾನು ಹುಡುಕಿ ಹುಡುಕಿ ಓದಿದ್ದು ಅವಳ ಬಗ್ಗೆ.

ಭಾನುವಾರ ನಾನಂದ ಎರಡು ಮಾತು ವಾಪಸು ತೆಗೆದುಕೊಳ್ಳುತ್ತೇನೆ. "ಸೇವೆ ಮಾಡೋಕೆ ಅಷ್ಟು ದೂರವೇ ಹೋಗಬೇಕಿತ್ತಾ" ಅಂದದ್ದು ಒಂದು. "ಆ ಹುಡುಗ ನಾಳೆ ದೋಣಿ ಹತ್ತಿ ಹೋಗ್ತಾನೆ, ನಿನ್ನ ನೆನಪೂ ಇರಲ್ಲ" ಅಂದದ್ದು ಇನ್ನೊಂದು. ಎರಡನೆಯದನ್ನು ಅಂದ ಮೇಲೆ ನನಗೆ ನಿದ್ದೆ ಬಂದಿಲ್ಲ. ಆಚೆ ದಡ ತೀರಾ ಹತ್ತಿರ ಬರುವ ಕಡೆ 33 ಕಿಲೋಮೀಟರ್, ಬಿಸಿಲಿದ್ದ ದಿನ ಇಂಗ್ಲೆಂಡಿನ ಬಿಳಿ ಬಂಡೆಗಳು ಕಾಣುತ್ತವೆ ಅಂದಿದ್ದೆಯಲ್ಲ. 2021ರ ನವೆಂಬರ್ 24ರಂದು ಅಲ್ಲಿ ಒಂದೇ ದೋಣಿಯವರು ಕಡಿಮೆಯೆಂದರೂ 27 ಜನ ಮುಳುಗಿದ್ದನ್ನೂ ಓದಿದೆ, ಓದಬಾರದಿತ್ತು. ಹತ್ತಿ ತುಂಬಿದ ಕೋಟು ನೀರು ಕುಡಿದರೆ ಎಷ್ಟು ಭಾರವಾಗುತ್ತದೆ! ಅವನಿಗೆ ಹೇಳು. ಕೋಟು ವಾಪಸು ಕೇಳುತ್ತಿದ್ದೇನೆ ಅಂದುಕೊಂಡಾನು, ಹಾಗಲ್ಲ ಅಂತ ಬಿಡಿಸಿ ಹೇಳು. ತೋಳು ಸಾಕಾಯಿತೇ ಅವನಿಗೆ? ಸಣ್ಣ ಅಳತೆಯ ಗಂಡಸರ ಬಟ್ಟೆಯೇ ಸಿಗುವುದಿಲ್ಲ, ದಾನ ಬರುವುದೆಲ್ಲ ದೊಡ್ಡ ಅಳತೆಯದು ಅಂದಿದ್ದೆ. ನಿನಗೆ ಅಂತ ಒಂದಳತೆ ದೊಡ್ಡದು ತಂದದ್ದು ಅವನಿಗೆ ಹಿಡಿಸಿರಬೇಕು.

ನಾನು ಪರದೇಶಿಯಾಗಿದ್ದೆನು, ನನ್ನನ್ನು ಸೇರಿಸಿಕೊಂಡಿರಿ. ಇದೂ ನಾನೇ ಬಾಯಿಪಾಠ ಮಾಡಿಸಿದ್ದು. ಆಗ ನೀನು "ಪರದೇಶಿ ಅಂದ್ರೆ ಬೈಗುಳ ಅಲ್ವಾ ಅಮ್ಮಾ" ಅಂತ ಕೇಳಿದ್ದೆ. ದಿಕ್ಕಿಲ್ಲದವನು ಅಂತಲೂ ಹೌದು, ಬೇರೆ ನಾಡಿನವನು ಅಂತಲೂ ಹೌದು ಅಂದಿದ್ದೆ. ಅಲ್ಲಿ ಈಗ ನೀನೂ ಪರದೇಶಿಯೇ ಅನ್ನುವುದು ಭಾನುವಾರದವರೆಗೆ ನನ್ನ ತಲೆಗೆ ಹೋಗಿರಲಿಲ್ಲ.

ಪಾರ್ಸಲ್ ನಿನ್ನೆ ಕಳಿಸಿದೆ. ಕೋಟು ಎರಡಿವೆ. ಬೂದು ಬಣ್ಣದ್ದು ಗಂಡಸರ ಸಣ್ಣ ಅಳತೆ. ನೀಲಿಯದರ ಕೊರಳಪಟ್ಟಿಯೊಳಗೆ ನಿನ್ನ ಹೆಸರು ಹೊಲಿದಿದ್ದೇನೆ, ಅದನ್ನು ಬಿಚ್ಚಬೇಡ.

ಮತ್ತು ನಿನ್ನ ಕೋಣೆಯಲ್ಲಿರುವ ಆ ಪೋಲೆಂಡಿನ ಹುಡುಗಿಗೆ ಒಂದು ಕೆಲಸ ಹೇಳು. ನೀನು ನಿದ್ದೆ ಹೋದ ಮೇಲೆ ನಿನ್ನ ಉಸಿರು ಎಣಿಸಲಿ. ನೀನೇ ಎಣಿಸಿಕೊಳ್ಳಬೇಡ, ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ಉಸಿರು ಬದಲಾಗುತ್ತದೆ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ. 12ರಿಂದ 20ರೊಳಗೆ ಇರಬೇಕು. ಆ ಸಂಖ್ಯೆಯೊಂದನ್ನೇ ಮೆಸೇಜ್ ಮಾಡು. ನನ್ನ ಮೇಲೆ ಸಿಟ್ಟು ಇಳಿದಿರದಿದ್ದರೆ ಬೇರೇನೂ ಬರೆಯಬೇಕಿಲ್ಲ.

ಅಮ್ಮ