ಓಗೊಟ್ಟವರನ್ನೂ ಬರೆಯಿರಿ

ಪ್ರಿಯ ಮಿತ್ರರೇ,

ಮೇವಿಸ್ ಸ್ಟೇಪಲ್ಸ್ ಅವರ ಜೀವನಚರಿತ್ರೆಯ ಮೊದಲ ಅಧ್ಯಾಯಗಳನ್ನು ಕಳಿಸಿಕೊಟ್ಟು ನನ್ನ ಅಭಿಪ್ರಾಯ ಕೇಳಿದ್ದೀರಿ. ಅಮೆರಿಕದ ಕಪ್ಪು ಜನರ ಚರ್ಚಿನ ಹಾಡಾದ ಗಾಸ್ಪೆಲ್ ಮತ್ತು ಅದರಿಂದ ಬೆಳೆದ ಜನಪ್ರಿಯ ಸೋಲ್ ಸಂಗೀತದ ಹಿರಿಯ ಗಾಯಕಿಯೊಬ್ಬರ ಬದುಕನ್ನು ಇಷ್ಟು ಶ್ರದ್ಧೆಯಿಂದ ಕನ್ನಡಕ್ಕೆ ತರಲು ಕಿರಿಯ ಬರಹಗಾರರೊಬ್ಬರು ಮುಂದಾಗಿರುವುದು ನನಗೆ ತುಂಬ ಸಂತೋಷ ಕೊಟ್ಟಿದೆ. ನಿಮ್ಮ ವಾಕ್ಯಗಳು ಸ್ವಚ್ಛವಾಗಿವೆ, ಇಸವಿಗಳು ಸರಿಯಾಗಿವೆ, ಬರಹ ಓದಿಸಿಕೊಂಡು ಹೋಗುತ್ತದೆ. ಆದರೆ ನಿಮ್ಮ ಹಸ್ತಪ್ರತಿಯಲ್ಲಿ ಮೇವಿಸ್ ಒಬ್ಬರೇ ಖಾಲಿ ವೇದಿಕೆಯ ಮೇಲೆ ನಿಂತಿದ್ದಾರೆ. ತಂದೆ, ಅಣ್ಣ, ಅಕ್ಕಂದಿರು, ಬಾಸ್ ಗಿಟಾರ್ ನುಡಿಸಿದವರು, ಚರ್ಚಿನ ಬೆಂಚುಗಳಲ್ಲಿ ಕುಳಿತು ಮರುದನಿ ಕೊಟ್ಟವರು, ಎಲ್ಲರೂ ಒಂದೊಂದು ಸಾಲಿನಲ್ಲಿ ಬಂದು ಮರೆಯಾಗುತ್ತಾರೆ. ಈ ಸಂಗೀತ ಉಸಿರಾಡುವುದೇ ಒಬ್ಬರು ಕರೆದು ಇನ್ನೊಬ್ಬರು ಓಗೊಡುವುದರಿಂದ. ಯಾವ ಕಾಲದಲ್ಲಿ ಆಕೆಯ ದನಿಗೆ ಯಾರು ಓಗೊಟ್ಟರು ಎಂಬ ಪ್ರಶ್ನೆಯ ಬೆನ್ನು ಹತ್ತಿ ಇಡೀ ಪುಸ್ತಕವನ್ನು ಮತ್ತೆ ಬರೆಯಿರಿ ಎಂಬುದೇ ನನ್ನ ಮುಖ್ಯ ಸಲಹೆ.

ನಿಮ್ಮ ಪುಸ್ತಕ 1939ರ ಜುಲೈ 10ರಂದು ಶಿಕಾಗೋದಲ್ಲಿ ಮೇವಿಸ್ ಹುಟ್ಟಿದಲ್ಲಿಂದ ಆರಂಭವಾಗುತ್ತದೆ. ನಾನಾಗಿದ್ದರೆ ಇನ್ನೂ ಹಿಂದಕ್ಕೆ, ಮಿಸಿಸಿಪ್ಪಿಯ ಹತ್ತಿಹೊಲಗಳಿಗೆ ಹೋಗುತ್ತಿದ್ದೆ. 1914ರಲ್ಲಿ ಹುಟ್ಟಿದ ಆಕೆಯ ತಂದೆ ರೋಬಕ್ ಸ್ಟೇಪಲ್ಸ್, ಅಂದರೆ ಎಲ್ಲರ ಬಾಯಲ್ಲಿ ‘ಪಾಪ್ಸ್’, ಬೆಳೆದದ್ದು ಡಾಕರಿ ಎಂಬ ದೊಡ್ಡ ಹತ್ತಿ ತೋಟದಲ್ಲಿ. ಕಪ್ಪು ಜನರ ಬ್ಲೂಸ್ ಸಂಗೀತದಲ್ಲಿ ಗಿಟಾರಿನ ಮೊದಲ ತಲೆಮಾರಿನ ದೊಡ್ಡ ಹೆಸರಾದ ಚಾರ್ಲಿ ಪ್ಯಾಟನ್ ಅದೇ ತೋಟದ ಸುತ್ತಮುತ್ತ ನುಡಿಸುತ್ತಿದ್ದರು. ಹುಡುಗನಾಗಿದ್ದ ಪಾಪ್ಸ್ ಅದನ್ನು ಕೇಳಿಕೊಂಡೇ ಬೆಳೆದರು. ದಕ್ಷಿಣದ ಲಕ್ಷಾಂತರ ಕಪ್ಪು ಜನರ ಹಾಗೆ 1930ರ ದಶಕದಲ್ಲಿ ಅವರೂ ಸಂಸಾರ ಕಟ್ಟಿಕೊಂಡು ಶಿಕಾಗೋಗೆ ಬಂದು ಕಸಾಯಿಖಾನೆಗಳಲ್ಲಿ ದುಡಿದರು. ಮುಂದೆ ಗಿರವಿ ಅಂಗಡಿಯೊಂದರಲ್ಲಿ ಹಳೆಯ ಗಿಟಾರ್ ಕೊಂಡು, ಮಕ್ಕಳಾದ ಕ್ಲಿಯೋಥಾ, ಪರ್ವಿಸ್, ಇವಾನ್, ಮೇವಿಸ್ ಅವರನ್ನು ನೆಲದ ಮೇಲೆ ಸುತ್ತ ಕೂರಿಸಿಕೊಂಡು, ಒಬ್ಬೊಬ್ಬರಿಗೂ ಅವರವರ ಸ್ವರವನ್ನು ತಂತಿಯ ಮೇಲೆ ಮೀಟಿ ತೋರಿಸಿದರು. ಹಾಗೆ ಅವರು ಕಲಿಸಿದ ಮೊದಲ ಹಾಡು ‘ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್’. 1948ರಲ್ಲಿ ಶಿಕಾಗೋದ ಚರ್ಚೊಂದರಲ್ಲಿ ಕುಟುಂಬ ಮೊದಲ ಬಾರಿಗೆ ಜನರ ಮುಂದೆ ಹಾಡಿತು.

ಆ ಗಿಟಾರಿನ ಬಗ್ಗೆ ನೀವು ಒಂದು ಪುಟವನ್ನಾದರೂ ಬರೆಯಬೇಕು. ಗಾಸ್ಪೆಲ್ ಕುಟುಂಬಗಳು ಸಾಮಾನ್ಯವಾಗಿ ಪಿಯಾನೋ, ಆರ್ಗನ್‌ಗಳ ಆಸರೆಯಲ್ಲಿ ಹಾಡುತ್ತಿದ್ದ ಕಾಲದಲ್ಲಿ ಸ್ಟೇಪಲ್ಸ್ ಕುಟುಂಬ ಹಾಡಿದ್ದು ಒಂದೇ ಒಂದು ಎಲೆಕ್ಟ್ರಿಕ್ ಗಿಟಾರಿನ ಬಲದ ಮೇಲೆ. ಆ ನಾದಕ್ಕೆ ಟ್ರೆಮೊಲೊದ ನಡುಕವಿತ್ತು. ಸ್ವರ ಏಳುತ್ತ ಬೀಳುತ್ತ ಅಲೆಯಾಡುವಂತೆ ಕೇಳಿಸುತ್ತದೆ. 1956ರಲ್ಲಿ ವೀ-ಜೇ ಕಂಪನಿಗಾಗಿ ಧ್ವನಿಮುದ್ರಿಸಿದ ‘ಅನ್‌ಕ್ಲೌಡಿ ಡೇ’ಯನ್ನು ರಾತ್ರಿ ದೀಪ ಆರಿಸಿ ಒಮ್ಮೆ ಕೇಳಿ. ಮೊದಲು ಬರುವುದು ಆ ನಡುಗುವ ತಂತಿ. ಕುಟುಂಬದ ದನಿಗಳು ಆತುರವಿಲ್ಲದೆ, ಸ್ವರಕ್ಕೆ ಸ್ವರ ಒರಗಿಸಿಕೊಂಡು ಸಾಗುತ್ತವೆ. ಬಳಿಕ ಮೇವಿಸ್ ಅವರ ಮಂದ್ರದ ಕಂಠ ಎದ್ದು ಬರುತ್ತದೆ. ಆಗ ಆಕೆಗೆ ಇನ್ನೂ ಹದಿನೇಳು ಮುಟ್ಟುವ ವಯಸ್ಸು. ರೇಡಿಯೋದಲ್ಲಿ ಕೇಳಿದವರು ಇದು ಗಂಡಸಿನ ದನಿಯೋ, ಭಾರೀ ಮೈಕಟ್ಟಿನ ಹೆಂಗಸಿನದೋ ಇರಬೇಕೆಂದು ವಾದಿಸುತ್ತಿದ್ದರು. ವೇದಿಕೆಯ ಮೇಲೆ ಸಣ್ಣ ಹುಡುಗಿಯೊಬ್ಬಳು ಬಂದು ನಿಂತಾಗ ನಂಬಲು ಒಪ್ಪುತ್ತಿರಲಿಲ್ಲ.

ನೀವು ಮೂರು ಕಡೆ ಆಕೆಯದು ‘ಮಧುರ ಕಂಠ’ ಎಂದು ಬರೆದಿದ್ದೀರಿ. ದಯವಿಟ್ಟು ಮೂರನ್ನೂ ಹೊಡೆದುಹಾಕಿ. ಆ ದನಿಯಲ್ಲಿ ಒರಟುತನವಿದೆ, ಉಸಿರಿನ ಸದ್ದಿದೆ, ಎದೆಯೊಳಗಿಂದ ಎದ್ದ ಹೂಂಕಾರವಿದೆ. ಸಾಲಿನ ಕೊನೆಯಲ್ಲಿ ಸ್ವರವನ್ನು ಹಿಡಿದು ಎಳೆಯದೆ ಥಟ್ಟನೆ ಬಿಟ್ಟುಕೊಡುವ ರೀತಿಯಿದೆ, ಏಕೆಂದರೆ ಆ ಜಾಗವನ್ನು ತುಂಬಲು ತಂದೆಯ ತಂತಿ ಕಾದಿರುತ್ತದೆ. ಹಾಡುಗಾರಿಕೆಯನ್ನು ಬರೆಯುವಾಗ ವಿಶೇಷಣಗಳಿಗಿಂತ ಇಂಥ ಕ್ರಿಯೆಗಳು ಓದುಗರ ಕಿವಿಗೆ ಬೇಗ ತಲುಪುತ್ತವೆ.

ನಿಮ್ಮ ಎರಡನೆಯ ಅಧ್ಯಾಯದ ಹಂದರವನ್ನೂ ನಾನು ಒಪ್ಪಲಾರೆ. ದೇವರ ಹಾಡು ಹಾಡುತ್ತಿದ್ದ ಹುಡುಗಿ ಮುಂದೆ ಚರ್ಚನ್ನು ಬಿಟ್ಟು ಜನಪ್ರಿಯ ಸಂಗೀತದ ಕಡೆಗೆ ಹೋದಳು ಎಂಬ ಕಥೆಯನ್ನು ನೀವು ಕಟ್ಟಿದ್ದೀರಿ. ಸೋಲ್ ಗಾಯಕರ ಬಗ್ಗೆ ಬರೆಯುವವರಿಗೆಲ್ಲ ಈ ಕಥೆ ಸಿದ್ಧವಾಗಿ ಕೈಗೆ ಸಿಗುತ್ತದೆ. ಗಾಸ್ಪೆಲ್ ತಂಡ ಬಿಟ್ಟು ಪಾಪ್ ಹಾಡಿಗೆ ಬಂದ ಸ್ಯಾಮ್ ಕುಕ್ ಅವರ ವಿಷಯದಲ್ಲಿ ಅದಕ್ಕೆ ಒಂದಿಷ್ಟು ಆಧಾರವೂ ಉಂಟು. ಮೇವಿಸ್ ವಿಷಯದಲ್ಲಿ ಅದು ಹೊಂದುವುದಿಲ್ಲ. ಬಾಲ್ಯದಲ್ಲಿ ಮಿಸಿಸಿಪ್ಪಿಯ ಮೌಂಡ್ ಬಾಯೂ ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಗ ಶಾಲೆಯ ಕಾರ್ಯಕ್ರಮದಲ್ಲಿ ಒಂದು ಪ್ರೇಮಗೀತೆ ಹಾಡಿದ್ದಕ್ಕೆ ಆಕೆ ಅಜ್ಜಿಯ ಕೈಯಲ್ಲಿ ಬೆತ್ತದ ಏಟು ತಿಂದದ್ದು ನಿಜ. 1972ರಲ್ಲಿ ‘ಐಲ್ ಟೇಕ್ ಯು ದೇರ್’ ಎಂಬ ಅವರ ಪಾಪ್ ಹಾಡು ಬಂದಾಗ ಚರ್ಚಿನ ಕೆಲವರು ಸ್ಟೇಪಲ್ಸ್ ಕುಟುಂಬ ಸೈತಾನನ ಸಂಗೀತ ಹಾಡುತ್ತಿದೆ ಎಂದು ದೂರಿದ್ದೂ ನಿಜ. ಸೈತಾನನಿಗೆ ಸಂಗೀತವೇ ಇಲ್ಲ, ಸಂಗೀತವೆಲ್ಲ ದೇವರದು ಎಂಬುದು ಅದಕ್ಕೆ ಆಕೆ ಕೊಡುತ್ತ ಬಂದ ಉತ್ತರ. ಆಕೆ ದಾಟಿಹೋದ ಗಡಿ ಎಂಬುದು ಎಲ್ಲಿಯೂ ಇಲ್ಲ. ಅದೇ ಕುಟುಂಬ, ಅದೇ ಕರೆ, ಅದೇ ಓಗೊಡುವಿಕೆ. ಕೇಳುಗರ ವಲಯ ದೊಡ್ಡದಾಯಿತು, ಡ್ರಮ್ಸ್ ಜೋರಾಯಿತು, ಅಷ್ಟೇ.

ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ಅಧ್ಯಾಯದಲ್ಲಿ ನಿಮ್ಮ ಕೈ ತುಸು ಏರುದನಿಗೆ ಜಾರಿದೆ. ಅಲಬಾಮಾದ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಚರ್ಚಿಗೆ ಹೋಗಿ ಉಪದೇಶ ಕೇಳಿ ಬಂದ ಪಾಪ್ಸ್, ಈ ಮನುಷ್ಯ ಇದನ್ನು ಉಪದೇಶಿಸಬಲ್ಲರಾದರೆ ನಾವು ಇದನ್ನು ಹಾಡಬಲ್ಲೆವು ಎಂದು ಮಕ್ಕಳಿಗೆ ಹೇಳಿದರು. ಅಲ್ಲಿಂದ ಮುಂದೆ ಕುಟುಂಬದ ಹಾಡುಗಳು ದಿನಪತ್ರಿಕೆಯ ಸುದ್ದಿಗೆ ಓಗೊಡತೊಡಗಿದವು. 1957ರಲ್ಲಿ ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಬಿಳಿಯರ ಶಾಲೆಯ ಬಾಗಿಲಲ್ಲಿ ತಡೆದ ಘಟನೆ ಪಾಪ್ಸ್ ಬರೆದ ‘ವೈ ಆಮ್ ಐ ಟ್ರೀಟೆಡ್ ಸೋ ಬ್ಯಾಡ್’ ಹಾಡಾಯಿತು. ಕಿಂಗ್ ಅವರಿಗೆ ಅದು ಬಲು ಮೆಚ್ಚಿನದಾಗಿತ್ತು. ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ 1965ರ ಸೆಲ್ಮಾ–ಮಾಂಟ್ಗೊಮರಿ ಪಾದಯಾತ್ರೆ ‘ಫ್ರೀಡಮ್ ಹೈವೇ’ ಆಯಿತು. ಇದನ್ನೆಲ್ಲ ನೀವು ಬರೆದಿದ್ದೀರಿ, ಆದರೆ ಆಕೆಯ ಕೈಗೆ ಒಂದು ಫಲಕ ಕೊಟ್ಟು ನಿಲ್ಲಿಸಿಬಿಟ್ಟಿದ್ದೀರಿ. ‘ಫ್ರೀಡಮ್ ಹೈವೇ’ ಧ್ವನಿಮುದ್ರಣವಾದದ್ದು ಶಿಕಾಗೋದ ನ್ಯೂ ನಜರೆತ್ ಚರ್ಚಿನಲ್ಲಿ, ನೆರೆದ ಜನರ ಎದುರಿಗೆ. ಹಾಡಿನ ಅರ್ಥವನ್ನು ಪುಟಗಟ್ಟಲೆ ವಿವರಿಸುವ ಬದಲು ಆ ಜನ ಎಲ್ಲಿ ಚಪ್ಪಾಳೆ ಹಿಡಿಯುತ್ತಾರೆ, ಎಲ್ಲಿ ಕೂಗಿ ಉತ್ತೇಜನ ಕೊಡುತ್ತಾರೆ, ಅದಕ್ಕೆ ಮೇವಿಸ್ ದನಿ ಹೇಗೆ ಬಿಸಿಯೇರುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿ ಬರೆಯಿರಿ. ಚಳವಳಿ ಎಂಬುದು ಆ ಕೋಣೆಯಲ್ಲಿಯೇ ನಿಮಗೆ ಕೇಳಿಸುತ್ತದೆ.

ಗಾಯಕ ಬಾಬ್ ಡಿಲನ್ ಮೇವಿಸ್ ಅವರನ್ನು ಮದುವೆಯಾಗಲು ಕೇಳಿದ ಪ್ರಸಂಗಕ್ಕೆ ನೀವು ಆರು ಪುಟ ಕೊಟ್ಟಿದ್ದೀರಿ. ಅದು ಒಂದು ಪ್ಯಾರಾದಲ್ಲಿ ಮುಗಿಯಲಿ. ಉಳಿದ ಜಾಗವನ್ನು 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಸಾಂಸ್ಕೃತಿಕ ಉತ್ಸವದಲ್ಲಿ ನಡೆದದ್ದಕ್ಕೆ ಕೊಡಿ. ಮಹಾಲಿಯಾ ಜಾಕ್ಸನ್, ಮೇವಿಸ್ ಚಿಕ್ಕಂದಿನಿಂದ ಆರಾಧಿಸಿದ ಗಾಯಕಿ, ಆ ದಿನ ತಮ್ಮ ಮೈ ಸರಿಯಿಲ್ಲವೆಂದೂ, ‘ಪ್ರೆಶಿಯಸ್ ಲಾರ್ಡ್’ ಹಾಡನ್ನು ನೀನೇ ಎತ್ತಿಕೊಡಬೇಕೆಂದೂ ಮೇವಿಸ್‌ಗೆ ಹೇಳಿದರು. ಅದು ಕಿಂಗ್ ಅವರಿಗೆ ಅತ್ಯಂತ ಪ್ರಿಯವಾದ ಹಾಡು; ಅವರ ಕೊಲೆಯಾಗಿ ಆಗಿನ್ನೂ ಒಂದು ವರ್ಷ ಕಳೆದಿತ್ತು. ಮೇವಿಸ್ ಮೊದಲ ಸಾಲುಗಳನ್ನು ಹಾಡಿದರು, ಬಳಿಕ ಮಹಾಲಿಯಾ ಎದ್ದು ಬಂದು ಮೈಕ್ ಹಿಡಿದರು, ಇಬ್ಬರೂ ಸರದಿಯ ಮೇಲೆ ಒಬ್ಬರನ್ನೊಬ್ಬರು ಮೇಲಕ್ಕೆ ಏರಿಸುತ್ತ ಹೋದರು. ಈ ದೃಶ್ಯದ ಚಿತ್ರೀಕರಣ ದಶಕಗಳ ಕಾಲ ಪೆಟ್ಟಿಗೆಯಲ್ಲಿ ಉಳಿದು 2021ರ ಸಾಕ್ಷ್ಯಚಿತ್ರ ‘ಸಮ್ಮರ್ ಆಫ್ ಸೋಲ್’ ಮೂಲಕ ಹೊರಬಂದಿದೆ. ಮೇವಿಸ್ ಅವರ ಮುಖವನ್ನು ಅದರಲ್ಲಿ ನೋಡಿ: ಗುರುವಿಗೆ ಸಮನಾಗಿ ನಿಲ್ಲುವ ಧೈರ್ಯವೂ ಗುರುವಿನ ಮುಂದಿನ ವಿನಯವೂ ಆ ಮುಖದಲ್ಲಿ ಒಟ್ಟಿಗೆ ಇವೆ.

1968ರಲ್ಲಿ ಕುಟುಂಬ ಮೆಂಫಿಸ್ ನಗರದ ಸ್ಟ್ಯಾಕ್ಸ್ ಧ್ವನಿಮುದ್ರಣ ಕಂಪನಿಯನ್ನು ಸೇರಿತು. ‘ಐಲ್ ಟೇಕ್ ಯು ದೇರ್’ 1972ರಲ್ಲಿ ಅಮೆರಿಕದ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು ಎಂದು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಆದರೆ ನಿಮ್ಮ ಪುಸ್ತಕದ ಹೃದಯ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಈ ಹಾಡನ್ನು ಬರೆದವರು ಸ್ಟ್ಯಾಕ್ಸ್‌ನ ಆಲ್ ಬೆಲ್. ಗುಂಡೇಟಿಗೆ ಬಲಿಯಾದ ತಮ್ಮನ ಮಣ್ಣು ಮುಗಿಸಿ, ಅರ್ಕನ್ಸಾದ ತಂದೆಯ ಮನೆಯ ಹಿತ್ತಲಿನಲ್ಲಿ ಹಳೆಯ ಬಸ್ಸೊಂದರ ಮೇಲೆ ಕುಳಿತಿದ್ದಾಗ ಅವರಿಗೆ ಇದರ ಸಾಲುಗಳು ಹೊಳೆದವು. ಸಾಹಿತ್ಯ ಬಹಳ ಕಡಿಮೆ. ಯಾರೂ ಅಳದ, ಯಾರೂ ಸುಳ್ಳು ನಗೆ ನಗದ ಒಂದು ತಾಣವಿದೆ, ನಿನ್ನನ್ನು ಅಲ್ಲಿಗೆ ಕರೆದೊಯ್ಯುತ್ತೇನೆ ಎಂಬಷ್ಟೇ ಮಾತು. ಕೆಳಗೆ ಎರಡೇ ಸ್ವರಮೇಳಗಳು ತಿರುಗುತ್ತಿರುತ್ತವೆ. ಆರಂಭದ ಬಾಸ್ ನಡೆ ಜಮೈಕಾದ ವಾದ್ಯಗೀತೆಯೊಂದರಿಂದ ಬಂದದ್ದು. ನುಡಿಸಿದವರು ಅಲಬಾಮಾದ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋದ ವಾದ್ಯಗಾರರು, ಬಹುತೇಕ ಬಿಳಿಯ ಹುಡುಗರು.

ಇಷ್ಟು ಕಡಿಮೆ ಸಾಮಗ್ರಿಯಿಂದ ಮೇವಿಸ್ ಏನು ಕಟ್ಟುತ್ತಾರೆ ಎಂಬುದನ್ನು ಗಮನಿಸಿ. ಸಾಲುಗಳು ಬೇಗ ಮುಗಿದುಹೋಗುತ್ತವೆ. ಉಳಿದ ಹೊತ್ತೆಲ್ಲ ಆಕೆ ಕರೆಯುತ್ತಾರೆ, ಕೆಣಕುತ್ತಾರೆ, ನೆರವು ಬೇಡುತ್ತಾರೆ, ಹಿಂದಿನ ದನಿಗಳು ಓಗೊಡುತ್ತವೆ. ಪಿಯಾನೋದ ಬ್ಯಾರಿ ಬೆಕೆಟ್‌ರನ್ನು ಹೆಸರು ಹಿಡಿದು ಕೂಗಿ ನುಡಿಸೆನ್ನುತ್ತಾರೆ. ಬಾಸ್ ಗಿಟಾರಿನ ಡೇವಿಡ್ ಹುಡ್‌ರನ್ನು ‘ಲಿಟಲ್ ಡೇವಿ’ ಎಂದು ಕರೆದು ಮುಂದಕ್ಕೆ ಬಿಡುತ್ತಾರೆ. ಪಾಪ್ ಹಾಡಿನ ನಟ್ಟನಡುವೆ ಬಾಸ್ ಮುಂದೆ ಬಂದು ನುಡಿಯುವ ಆ ಜಾಗ ಅಪರೂಪದ್ದು. ಗಿಟಾರಿನ ಸರದಿ ಬಂದಾಗ ಆಕೆಯ ಬಾಯಿಂದ ಬರುವ ಮಾತು ‘ಡ್ಯಾಡಿ’. ಆ ಗಿಟಾರನ್ನು ನುಡಿಸಿದ್ದು ತಂದೆಯಲ್ಲ, ಎಡ್ಡಿ ಹಿಂಟನ್ ಎಂಬ ಯುವಕ. ಆದರೂ ಆಕೆ ಕರೆಯುವುದು ತಂದೆಯನ್ನೇ. ನೆಲದ ಮೇಲೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಲಿಸಿದ ಪಾಠ ಕಾಲು ಶತಮಾನದ ಬಳಿಕವೂ ಆಕೆಯ ಬಾಯಲ್ಲಿ ಹೇಗೆ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ನಿಮಗೆ ಎಲ್ಲಿಯೂ ಸಿಗಲಾರದು.

ಮುಂದಿನ ಇಪ್ಪತ್ತೈದು ವರ್ಷಗಳನ್ನು ಬೇಗ ದಾಟಿದರೂ ನಷ್ಟವಿಲ್ಲ. 1975ರಲ್ಲಿ ಸ್ಟ್ಯಾಕ್ಸ್ ದಿವಾಳಿಯಾಯಿತು. ಅದೇ ವರ್ಷ ಸೋಲ್ ಗಾಯಕ, ಗೀತಕಾರ ಕರ್ಟಿಸ್ ಮೇಫೀಲ್ಡ್ ಅವರ ಹಾಡೊಂದು ಕುಟುಂಬವನ್ನು ಮತ್ತೊಮ್ಮೆ ಪಟ್ಟಿಯ ತುದಿಗೇರಿಸಿತು. ಬಳಿಕ ಡಿಸ್ಕೋ ಕಾಲದಲ್ಲಿ ಅವಕಾಶಗಳು ಬತ್ತಿದವು. ಪಾಪ್ ತಾರೆ ಪ್ರಿನ್ಸ್ 1989 ಮತ್ತು 1993ರಲ್ಲಿ ಆಕೆಗಾಗಿ ಎರಡು ಆಲ್ಬಮ್‌ಗಳನ್ನು ರೂಪಿಸಿದರು. ಬಹಳ ಸಂಕೋಚದ ಸ್ವಭಾವದ ಪ್ರಿನ್ಸ್‌ಗೆ ಮೇವಿಸ್ ತಮ್ಮ ಬದುಕನ್ನು ಉದ್ದುದ್ದ ಕಾಗದಗಳಲ್ಲಿ ಬರೆದು ಕಳಿಸುತ್ತಿದ್ದರು, ಅವುಗಳ ಎಳೆಗಳೇ ಹಾಡುಗಳಲ್ಲಿ ಬಂದವು. ಆಲ್ಬಮ್‌ಗಳು ಹೆಚ್ಚು ಮಾರಾಟವಾಗಲಿಲ್ಲ.

2000ದ ಡಿಸೆಂಬರಿನಲ್ಲಿ ಪಾಪ್ಸ್ ತೀರಿಕೊಂಡರು. ನೀವು ಈ ಭಾಗವನ್ನು ಕಣ್ಣೀರಿನಿಂದ ತುಂಬಿದ್ದೀರಿ. ದುಃಖ ದೊಡ್ಡದೇ, ಆದರೆ ಓದುಗರಿಗೆ ಬೇಕಾದದ್ದು ಅದರ ಸ್ವರೂಪ. ಐವತ್ತು ವರ್ಷ ತನ್ನ ಹಿಂದೆ ನುಡಿಯುತ್ತಿದ್ದ ತಂತಿ ನಿಂತಿತು. ಯಾವ ಶ್ರುತಿಗೆ ಸೇರಿ ಹಾಡುವುದು ಎಂಬುದೇ ಆಕೆಗೆ ತೋಚದಾಯಿತು. ಆಗ ಎಬ್ಬಿಸಿ ಹಾಡಿಗೆ ಕಳಿಸಿದವರು ಅಕ್ಕ ಇವಾನ್. ಮೇವಿಸ್ ತಮ್ಮದೇ ಹಣ ಹಾಕಿ ಒಂದು ಆಲ್ಬಮ್ ಮಾಡಿದರು, ಹಲವು ಕಂಪನಿಗಳು ಅದನ್ನು ಬೇಡವೆಂದವು, ಕೊನೆಗೆ 2004ರಲ್ಲಿ ಶಿಕಾಗೋದ ಆಲಿಗೇಟರ್ ಕಂಪನಿ ‘ಹ್ಯಾವ್ ಎ ಲಿಟಲ್ ಫೇತ್’ ಹೆಸರಿನಲ್ಲಿ ಹೊರತಂದಿತು. ಅರವತ್ತೈದರ ವಯಸ್ಸಿನಲ್ಲಿ ಹೀಗೆ ಎರಡನೆಯ ಆಯುಷ್ಯ ಶುರುವಾಯಿತು. ರಿಕ್ ಹೋಮ್‌ಸ್ಟ್ರಮ್ ಎಂಬ ಗಿಟಾರ್ ವಾದಕ ಜೊತೆಗೆ ಬಂದರು, ಅದೇ ನಡುಗುವ ನಾದದ ಮರ್ಮ ಬಲ್ಲವರು. ವಿಲ್ಕೋ ಎಂಬ ರಾಕ್ ತಂಡದ ಜೆಫ್ ಟ್ವೀಡಿ 2010ರಲ್ಲಿ ‘ಯು ಆರ್ ನಾಟ್ ಅಲೋನ್’ ಆಲ್ಬಮ್ ರೂಪಿಸಿದರು. ಶಿಕಾಗೋದ ಕೊರೆಯುವ ಚಳಿಯಲ್ಲಿ ಒಂದು ಹಾಡನ್ನು ಮೆಟ್ಟಿಲುಗಳ ಹಾದಿಯಲ್ಲಿ ನಿಂತು ಹಾಡಬೇಕೆಂದು ಟ್ವೀಡಿ ಹೇಳಿದಾಗ ಮೇವಿಸ್ ಗೊಣಗಿದರು, ಕೋಟು ಟೋಪಿ ತರಿಸಿ ಹಾಕಿಕೊಂಡರು, ಹಾಡಿದರು. ಗೋಡೆಗಳಿಂದ ಮರಳಿ ಬಂದ ಅನುರಣನ ಆ ಹಾಡಿಗೆ ಹಳೆಯ ಚರ್ಚಿನ ಗಾಳಿಯನ್ನು ತಂದುಕೊಟ್ಟಿತು. ಆಕೆಯ ಮೊದಲ ಗ್ರ್ಯಾಮಿ ಪ್ರಶಸ್ತಿ ಆ ಆಲ್ಬಮ್ಮಿಗೆ, 2011ರಲ್ಲಿ. ಪ್ರಶಸ್ತಿಗಿಂತ ಆ ಮೆಟ್ಟಿಲುಗಳನ್ನು ಹೆಚ್ಚು ವಿವರವಾಗಿ ಬರೆಯಿರಿ.

ಇನ್ನೊಂದು ಮಾತು. ಗಾಸ್ಪೆಲ್ ಸಂಗೀತವನ್ನು ನೀವು ನಮ್ಮ ಭಜನೆಗೂ ತತ್ವಪದಗಳಿಗೂ ಮತ್ತೆ ಮತ್ತೆ ಹೋಲಿಸಿದ್ದೀರಿ. ಒಬ್ಬರು ಹೇಳಿ ಉಳಿದವರು ಓಗೊಡುವ ಹಾಡಿಕೆ ನಮ್ಮಲ್ಲೂ ಇದೆ, ಕನ್ನಡ ಓದುಗರಿಗೆ ಅದು ತಾನಾಗಿ ನೆನಪಾಗುತ್ತದೆ. ಆದರೆ ಗುಲಾಮಗಿರಿ, ಹತ್ತಿಹೊಲ, ಉತ್ತರಕ್ಕೆ ವಲಸೆ, ಬ್ಯಾಪ್ಟಿಸ್ಟ್ ಚರ್ಚು ಇವುಗಳಿಂದ ರೂಪುಗೊಂಡ ಈ ಹಾಡಿಗೆ ಅದರದೇ ನೆಲವಿದೆ. ನಮ್ಮ ಅಂಗಳಕ್ಕೆ ಎಳೆತಂದು ಪರಿಚಯ ಮಾಡಿಸುವ ಆತುರ ಬೇಡ. ಓದುಗರನ್ನು ಅಲ್ಲಿಗೇ ಕರೆದುಕೊಂಡು ಹೋಗಿ.

ಮತ್ತೆ ಬರೆಯಲು ಕೂರುವ ಮೊದಲು 2015ರ ‘ಡೋಂಟ್ ಲೂಸ್ ದಿಸ್’ ಆಲ್ಬಮ್ಮನ್ನು ಪೂರ್ತಿ ಕೇಳಬೇಕೆಂದು ಕೋರುತ್ತೇನೆ. ಪಾಪ್ಸ್ 1999ರ ಸುಮಾರಿಗೆ ಹಾಡಿಟ್ಟಿದ್ದ ಹಾಡುಗಳು ಅವು. ಹಾಸಿಗೆ ಹಿಡಿದಿದ್ದಾಗ ಅವುಗಳನ್ನು ಕೇಳಬೇಕೆಂದು ಹೇಳಿ, ಕೇಳಿಸಿಕೊಂಡು, ಇವನ್ನು ಕಳೆಯಬೇಡ ಎಂದು ಮೇವಿಸ್‌ಗೆ ಹೇಳಿದ್ದರು. ಮೇವಿಸ್ ಅವನ್ನು ಕಾಪಾಡಿಕೊಂಡು ಬಂದು ಟ್ವೀಡಿಯ ಕೈಗಿತ್ತರು. ಟ್ವೀಡಿ ಹೆಚ್ಚಿನ ವಾದ್ಯಗಳನ್ನೆಲ್ಲ ತೆಗೆದುಹಾಕಿ, ತಾವು ಬಾಸ್ ನುಡಿಸಿ, ಮಗ ಸ್ಪೆನ್ಸರ್‌ನಿಂದ ಡ್ರಮ್ಸ್ ನುಡಿಸಿ, ತಂದೆಯ ಗಿಟಾರ್ ಮತ್ತು ದನಿಗಳು ಎದುರಿಗೆ ನಿಲ್ಲುವಂತೆ ಮಾಡಿದರು. ಅದರಲ್ಲಿ ಯಾವ ದನಿ ಯಾರದು, ಯಾರು ಕರೆಯುತ್ತಾರೆ, ಯಾರು ಓಗೊಡುತ್ತಾರೆ ಎಂದು ಹಾಡು ಹಾಡಿಗೂ ಟಿಪ್ಪಣಿ ಮಾಡಿಕೊಳ್ಳಿ. ಆ ಟಿಪ್ಪಣಿಗಳನ್ನೂ ತಿದ್ದಿದ ಮೊದಲ ಅಧ್ಯಾಯವನ್ನೂ ಒಟ್ಟಿಗೆ ಕಳಿಸಿಕೊಡಿ, ಓದಲು ಕಾದಿರುತ್ತೇನೆ.

ನಿಮ್ಮ ವಿಶ್ವಾಸಿ