ಕಟ್ಟಡಾನ ದಿಬ್ಬದ ಹಿಂದಕ್ಕೆ ಸರಿಸಿ ಸಾರ್: ಕಡಲ ಸಂಶೋಧನಾ ಕೇಂದ್ರದ ಬಗ್ಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಿಮ್ಮ ಆಫೀಸಿಗೆ ಇದೇ ವಿಷ್ಯಕ್ಕೆ ನಾಲ್ಕು ಅರ್ಜಿ ಕೊಟ್ಟಾಯ್ತು, ನಾಲ್ಕಕ್ಕೂ ಸೀಲ್ ಒತ್ತಿ ಕೊಟ್ಟಿದ್ದಾರೆ, ಉತ್ತರ ಒಂದಕ್ಕೂ ಇಲ್ಲ, ಅದಕ್ಕೆ ಈ ಸಲ ಎಲ್ರೂ ಓದೋ ಹಾಗೆ ಬರೀತಿದ್ದೀನಿ. ಕೇಳ್ತಿರೋದು ಒಂದೇ. ಸಂಶೋಧನೆ ಮತ್ತು ಸಂರಕ್ಷಣಾ ಕೇಂದ್ರದ ಕಟ್ಟಡಾನ ಮರಳ ದಿಬ್ಬದ ಹಿಂದಕ್ಕೆ ಸರಿಸಿ.

ಉಬ್ಬರದ ಗೆರೆಯಿಂದ ಎಷ್ಟು ದೂರ ಬಿಡ್ಬೇಕು, ದಿಬ್ಬ ಯಾಕೆ ಮುಟ್ಟಬಾರ್ದು ಅಂತ ನಾನು ನಿಮಗೆ ಹೇಳ್ಕೊಡೋದು ಏನಿದೆ, ಫೈಲಿಗೆ ಸೈನ್ ಹಾಕೋರು ನೀವೇ. ಆದ್ರೂ ಪ್ಲಾನಲ್ಲಿ ದಿಬ್ಬ ಇರೋ ಜಾಗದ ಮೇಲೆ ‘ಪಾರ್ಕಿಂಗ್’ ಅಂತ ಬರ್ದಿದೆ.

ಶಂಕುಸ್ಥಾಪನೆ ಹಿಂದಿನ ರಾತ್ರಿ ಏನಾಯ್ತು ಅಂತ ನಿಮಗೆ ಯಾರೂ ಹೇಳಿರಲ್ಲ. ಐವತ್ತು ದಿನದಿಂದ ನಾನು ಕಾಯ್ತಿದ್ದ ಆಮೆ ಗೂಡು ಅವತ್ತೇ ಒಡೀತು. ಮರಿಗಳಿಗೆ ಗೊತ್ತಿರೋದು ಒಂದೇ ದಾರಿ, ಯಾವ ಕಡೆ ಬೆಳಕು ಜಾಸ್ತಿ ಕಾಣುತ್ತೋ ಆ ಕಡೆ ಹೋಗೋದು, ಕತ್ತಲಲ್ಲಿ ಅದು ಕಡಲೇ ಆಗಿರುತ್ತೆ. ಅವತ್ತು ಅದು ನಿಮ್ಮ ಸ್ಟೇಜ್ ಆಗಿತ್ತು. ನಾಲ್ಕು ದೊಡ್ಡ ಫ್ಲಡ್‌ಲೈಟ್, ಹಿಂದೆ ಬ್ಯಾನರಲ್ಲಿ ಈಜ್ತಿರೋ ಆಮೆ ಚಿತ್ರ, ಕೆಳಗೆ ಕೆಂಪು ಕಾರ್ಪೆಟ್ ಮೇಲೆ ನಿಜವಾದ ಮರಿಗಳು, ಬೆರಳಷ್ಟು ಉದ್ದ ಇಲ್ಲ, ಕಾರ್ಪೆಟ್ ನೂಲಿಗೆ ಕಾಲು ಸಿಕ್ಕಿಸ್ಕೊಂಡು ಒದ್ದಾಡ್ತಿದ್ವು. ಹತ್ತು ನಿಮಿಷ ಲೈಟ್ ಆಫ್ ಮಾಡಿ ಅಂತ ಕೈ ಮುಗಿದೆ. ‘ಬೆಳಗ್ಗೆ ಸಾಹೇಬ್ರು ಬರ್ತಾರೆ, ಡೆಕೊರೇಷನ್ ಮುಗೀಬೇಕು’ ಅಂದ್ರು. ಬಕೆಟ್ ಹಿಡ್ಕೊಂಡು ರಾತ್ರಿಯಿಡೀ ಹೆಕ್ಕಿದೆ. ಬೆಳಗಿನ ಜಾವ ಕುರ್ಚಿಗಳ ಕೆಳಗೆ ಸತ್ತು ಬಿದ್ದಿದ್ದವನ್ನ ಎಣಿಸೋಕೆ ಶುರು ಮಾಡಿ ಅರ್ಧಕ್ಕೇ ಬಿಟ್ಬಿಟ್ಟೆ. ಆಮೇಲೆ ನೀವು ಬಂದ್ರಿ, ಸಂರಕ್ಷಣೆ ಬಗ್ಗೆ ಚೆನ್ನಾಗೇ ಮಾತಾಡಿದ್ರಿ.

ಸಂಶೋಧನೆಗೆ ಕಡಲು ಪಕ್ಕದಲ್ಲೇ ಇರ್ಬೇಕಲ್ಲ ಅಂತಾರೆ ನಿಮ್ಮ ಇಂಜಿನಿಯರು. ಪಕ್ಕದಲ್ಲಿ ಇರ್ಬೇಕಾಗಿರೋದು ನೀರೆಳೆಯೋ ಪೈಪ್ ಸಾರ್, ವಿಐಪಿ ಲೌಂಜ್ ಅಲ್ಲ. ದಿಬ್ಬದ ಹಿಂದೆ ಲ್ಯಾಬ್ ಇದ್ರೂ ಪಂಪ್ ನೀರು ತರುತ್ತೆ. ಆ ಪೈಪೂ ಪ್ಲಾನಲ್ಲಿ ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣ, ಅಂತಿದೆ! ಉಪ್ಪುನೀರಿಗೆ ಜಿಐ ಹಾಕಿದ್ರೆ ಅದರ ಸತು ಕರಗಿ ಟ್ಯಾಂಕಿಗೆ ಬರುತ್ತೆ, ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ ಪೈಪ್ ಹಾಕ್ಬೇಕು. ನಾವು ಸಂಶೋಧನೆ ಮಾಡೋ ಬಾಡಿಗೆ ಶೆಡ್ಡಲ್ಲಿ ಯಾರೋ ಒಂದೇ ಒಂದು ಹಿತ್ತಾಳೆ ವಾಲ್ವ್ ಕೂರಿಸಿದ್ರು, ಮೂರು ವಾರ ಸಾಕಿದ್ದ ಕಪ್ಪೆಚಿಪ್ಪಿನ ಲಾರ್ವಾ ಎಲ್ಲಾ ಸತ್ತು ತಳ ಸೇರಿದ್ವು, ಹಿತ್ತಾಳೇಲಿರೋ ತಾಮ್ರ ಅವಕ್ಕೆ ವಿಷ. ಅಷ್ಟು ಸಣ್ಣ ವಿಷ್ಯಕ್ಕೆ ನನ್ನ ಇಡೀ ಸೀಸನ್ ಹೋಯ್ತು.

ಇನ್ನು ಕಟ್ಟಡ ಉಳಿಸೋಕೆ ಮುಂದೆ ತಡೆಗೋಡೆ ಬೇರೆ. ಗೋಡೆ ಕಟ್ಟಿದ ಕಡೆ ಅಲೆ ಬಡಿದು ಮುಂದಿನ ಮರಳು ಕೊಚ್ಕೊಂಡು ಹೋಗುತ್ತೆ, ಪಕ್ಕದ ದಂಡೆಗೂ ಮರಳು ಬರೋದು ನಿಲ್ಲುತ್ತೆ, ಆಮೇಲೆ ಅಲ್ಲಿಗೂ ಇನ್ನೊಂದು ಗೋಡೆ. ಪುಕ್ಕಟೆ ಗೋಡೆ ಆ ದಿಬ್ಬಾನೇ ಅಲ್ವಾ, ಅದನ್ನ ಕೆಡವಿ ಕಾಂಕ್ರೀಟಿಗೆ ದುಡ್ಡು ಸುರೀತೀರಾ? ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಆ ಕಾಂಕ್ರೀಟೂ ಬಿರುಕು ಬಿಡುತ್ತೆ.

ಇಟಲಿಯ ನೇಪಲ್ಸಲ್ಲಿ ಆಂಟನ್ ಡೋರ್ನ್ ಅನ್ನೋ ಪ್ರಾಣಿವಿಜ್ಞಾನಿ 1872ರಲ್ಲಿ ಶುರು ಮಾಡಿದ ಕಡಲ ಸಂಶೋಧನಾ ಕೇಂದ್ರ ಇವತ್ತಿಗೂ ನಡೀತಿದೆ. ಅಲ್ಲಿ ಬಾಡಿಗೆಗೆ ಕೊಡ್ತಿದ್ದದ್ದು ಸಂಶೋಧಕರು ಕೂತು ಕೆಲಸ ಮಾಡೋ ಟೇಬಲ್ಲು. ನಿಮ್ಮ ಪ್ಲಾನಲ್ಲಿ ಲ್ಯಾಬಿಗೆ ಮೂಲೇಲಿ ಎರಡು ರೂಮು, ಉಳಿದಿದ್ದು ಆಡಿಟೋರಿಯಮ್ಮು, ಕಡಲಿಗೆ ಮುಖ ಮಾಡಿರೋ ಗಾಜಿನ ಗೋಡೆ. ರಾತ್ರಿ ಒಳಗೆ ದೀಪ ಹಚ್ಚಿದ್ರೆ ಅದೂ ಫ್ಲಡ್‌ಲೈಟೇ, ವರ್ಷಪೂರ್ತಿ. ಮೇಲೆ ಸೋಲಾರ್ ಪ್ಯಾನೆಲ್ ಇಟ್ಟು ಗ್ರೀನ್ ಬಿಲ್ಡಿಂಗ್ ಅಂತೆ.

ಕೇಂದ್ರ ಬೇಡ ಅಂತಿಲ್ಲ ನಾನು, ನನ್ನಷ್ಟು ಕಾದಿರೋರು ಯಾರೂ ಇಲ್ಲ. ಕಟ್ಟಡ ಹಿಂದಕ್ಕೆ ಸರಿಸಿ, ಪಾರ್ಕಿಂಗ್ ರಸ್ತೆ ಕಡೆ ಮಾಡಿ, ಹೊರಗಿನ ದೀಪ ತಗ್ಗಿಸಿ ಕೆಂಪು ಬಣ್ಣದ್ದು ಹಾಕಿ. ಟೆಂಡರ್ ಆಗೋಕೆ ಮುಂಚೆ ಹಿಂದಕ್ಕೆ ಸರಿಸಿ.

ಮುಂದಿನ ಗೂಡು ಇನ್ನು ಹದಿನೈದು ದಿನದೊಳಗೆ ಒಡೀಬಹುದು. ನೀವೂ ಬನ್ನಿ, ರಾತ್ರಿ ಬನ್ನಿ. ಟಾರ್ಚ್ ತರ್ಬೇಡಿ.

ಇಂತಿ,
ಅವತ್ತು ಬಕೆಟ್ ಹಿಡ್ಕೊಂಡು ನಿಮ್ಮ ಫೋಟೋಗೆ ಅಡ್ಡ ಬಂದವನು