ಪಾಯ ಹಾಕುವಾಗಲೇ ಒಂದು ಪೈಪ್ ಬಿಡಿ

ಮಾನ್ಯ ಸಂಪಾದಕರೇ,

ಕೊಳವೆಬಾವಿ ನೀರಿನಲ್ಲಿ ಯುರೇನಿಯಂ ಇದೆ ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಹೆಸರುಗಳು ಅದರಲ್ಲಿ ಇದ್ದೇ ಇರುತ್ತವೆ. ಆದರೆ ಅದೇ ಯುರೇನಿಯಂನಿಂದ ಹುಟ್ಟಿ, ನೆಲದ ಬಿರುಕಿನಿಂದ ಮನೆಯೊಳಗೆ ನುಗ್ಗುವ, ವಿಕಿರಣ ಸೂಸುವ ರೇಡಾನ್ ಅನ್ನುವ ಅನಿಲದ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಕ್ಯಾತ್ಸಂದ್ರದ ಕಡೆ ಮನೆ ಕಟ್ಟುವ ಮೇಸ್ತ್ರಿ. ವಿಜ್ಞಾನ ಓದಿದವನಲ್ಲ. ಆದರೆ ಇದು ಬರುವುದು ನಾವು ಹಾಕುವ ನೆಲದಿಂದ. ತಡೆಯುವ ಕೆಲಸವೂ ಗಾರೆ ಕೆಲಸದವರದ್ದೇ. ಅದಕ್ಕೇ ಈ ಪತ್ರ.

ನನಗೆ ಇದು ಗೊತ್ತಾದದ್ದು ಒಬ್ಬ ನಿವೃತ್ತ ಮೇಷ್ಟ್ರ ಮನೆಯಿಂದ. ಇಳಿಜಾರು ಸೈಟು. ರಸ್ತೆ ಮಟ್ಟದಲ್ಲಿ ಮನೆ, ಅದರ ಕೆಳಗೆ ಬಂಡೆ ಕಡಿದು ಮಾಡಿದ ಒಂದು ರೂಮು. ಹಿಂದಿನ ಗೋಡೆ ಪೂರ್ತಿ ಮಣ್ಣಿಗೆ ಅಂಟಿಕೊಂಡಿದೆ. ಮಗ ಅಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಾನೆ. ಎಸಿ ಇದೆ, ಯುಪಿವಿಸಿ ಕಿಟಕಿ ಇದೆ, ಒಂದು ಸೊಳ್ಳೆಯೂ ಒಳಗೆ ಬರುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಮಗಳು ರಜಕ್ಕೆ ಬಂದಾಗ ಮೊಬೈಲಿನಷ್ಟೇ ದೊಡ್ಡದೊಂದು ರೇಡಾನ್ ಮೀಟರ್ ತಂದು ಆ ರೂಮಿನಲ್ಲಿಟ್ಟಳು. ಸರಾಸರಿ ಒಂದು ಘನ ಮೀಟರ್ ಗಾಳಿಗೆ 400 ಬೆಕ್ವೆರೆಲ್ (ವಿಕಿರಣ ಅಳೆಯುವ ಮಾಪು) ಹತ್ತಿರ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಹೇಳುವುದು 100. ಅಷ್ಟಕ್ಕೆ ಇಳಿಸಲು ಆಗದಿದ್ದರೂ 300 ದಾಟಬಾರದು ಅಂತ. ಮೇಲಿನ ಹಾಲ್‌ನಲ್ಲಿ ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ, ಅಲ್ಲಿ ಏನೂ ಜಾಸ್ತಿ ಇರಲಿಲ್ಲ.

ಮೇಷ್ಟ್ರು ಮೊದಲು ನಂಬಲಿಲ್ಲ. 'ಅಮೆರಿಕದ ಮೀಟರ್ರಪ್ಪಾ, ನಮ್ಮ ಗಾಳಿಗೆ ಹೊಂದಲ್ಲ' ಅಂದರು. ಆಗ ಮಗಳು ಅಲ್ಲಿಯ ಕಥೆ ಹೇಳಿದಳು. 1984ರಲ್ಲಿ ಪೆನ್ಸಿಲ್ವೇನಿಯಾದ ಲಿಮೆರಿಕ್ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಾಸ್ ಅನ್ನುವ ಇಂಜಿನಿಯರ್ ಇದ್ದರು. ಸ್ಥಾವರ ಇನ್ನೂ ಶುರುವಾಗಿರಲಿಲ್ಲ. ಆದರೂ ವಿಕಿರಣ ಪತ್ತೆ ಮಾಡುವ ಗೇಟಿನ ಹತ್ತಿರ ಅವರು ಬಂದರೆ ಸಾಕು, ಅಲಾರಾಂ ಹೊಡೆದುಕೊಳ್ಳುತ್ತಿತ್ತು. ಹುಡುಕಿದರೆ ಅದು ಅವರ ಮನೆಯಿಂದಲೇ ಮೈಗೆ ಹತ್ತಿಕೊಂಡು ಬಂದದ್ದು. ಮನೆಯ ಗಾಳಿಯಲ್ಲಿ ಘನ ಮೀಟರಿಗೆ ಒಂದು ಲಕ್ಷ ಬೆಕ್ವೆರೆಲ್ ಹತ್ತಿರ ರೇಡಾನ್! ಆ ಮನೆಯನ್ನೂ ಕೆಡವಲಿಲ್ಲ, ರಿಪೇರಿ ಮಾಡಿದರು. ಮೇಷ್ಟ್ರು ಸುಮ್ಮನಾದರು.

ನಮ್ಮ ಕಡೆ ಇದು ಯಾಕೆ ಬರುತ್ತದೆ ಅನ್ನುವುದನ್ನು ಬಂಡೆ ಒಡೆಯುವವರಿಗೆ ಜಾಸ್ತಿ ವಿವರಿಸಬೇಕಿಲ್ಲ. ರಾಮನಗರದಿಂದ ಹಿಡಿದು ತುಮಕೂರು, ಮಧುಗಿರಿ, ಪಾವಗಡದ ತನಕ ಒಂದೇ ಗ್ರಾನೈಟ್ ಸಾಲು. ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ, ಸುಮಾರು 250 ಕೋಟಿ ವರ್ಷದ್ದು. ಇಂಥ ಕಲ್ಲಿನಲ್ಲಿ ಚೂರುಪಾರು ಯುರೇನಿಯಂ ಇರುತ್ತದೆ. ಅದು ವಿಕಿರಣ ಬಿಡುತ್ತಾ ನಿಧಾನಕ್ಕೆ ರೇಡಿಯಂ ಆಗಿ, ರೇಡಿಯಂ ರೇಡಾನ್ ಆಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಯಲಿಗೆ ಬಂದರೆ ಗಾಳಿಗೆ ಬೆರೆತು ಹೋಗುತ್ತದೆ. ಮುಚ್ಚಿದ ರೂಮಿಗೆ ಬಂದರೆ ಅಲ್ಲೇ ಕೂರುತ್ತದೆ. ಅದರಿಂದ ಹುಟ್ಟುವ ಕಣಗಳು ಉಸಿರಿನ ಜೊತೆ ಶ್ವಾಸಕೋಶ ಸೇರುತ್ತವೆ. 1988ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್ ತರುವ ವಸ್ತು ಅಂತ ಪಟ್ಟಿಗೆ ಸೇರಿಸಿದೆ. ಬೀಡಿ, ಸಿಗರೇಟು ಸೇದುವವರಿಗಂತೂ ಸೇದದವರಿಗಿಂತ ಸುಮಾರು 25 ಪಟ್ಟು ಅಪಾಯ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮ ಹುಡುಗರು ಇದನ್ನು ಕೇಳಿ ಆವತ್ತೊಂದು ದಿನ ಬೀಡಿ ಬಿಟ್ಟರು. ಮಾರನೇ ದಿನ ಮತ್ತೆ ಶುರು.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಅಡುಗೆಮನೆ ಗ್ರಾನೈಟ್ ಕಟ್ಟೆ ಕಿತ್ತು ಹಾಕಿ ಅಂದರು ಒಬ್ಬರು. ಬೇಡವೇ ಬೇಡ, ಅದರಿಂದ ಬರುವುದು ತೀರಾ ಕಡಿಮೆ, ಮುಖ್ಯವಾಗಿ ಬರುವುದು ನೆಲದಡಿಯ ಮಣ್ಣಿನಿಂದ. ಎಕ್ಸಾಸ್ಟ್ ಫ್ಯಾನ್ ಹಾಕಿ ಅಂದರು ಇನ್ನೊಬ್ಬರು. ಇಲ್ಲಿ ಸ್ವಲ್ಪ ಯೋಚನೆ ಮಾಡಬೇಕು. ಕಿಟಕಿ ಮುಚ್ಚಿದ ರೂಮಿನಿಂದ ಫ್ಯಾನ್ ಗಾಳಿ ಎಳೆದರೆ ಬದಲಿ ಗಾಳಿ ಎಲ್ಲಿಂದ ಬರಬೇಕು? ನೆಲದ ಸಂದಿಯಿಂದ. ಇನ್ನೂ ಜಾಸ್ತಿ ರೇಡಾನ್ ಕರೆದಂತಾಯಿತು ಅಲ್ವಾ? ಗೋಡೆ ನೆಲ ಸೇರುವ ಕಡೆಯ ಬಿರುಕು, ಪೈಪ್ ಹೊರಬರುವ ತೂತು ಎಲ್ಲ ಸೀಲಂಟ್ ಹಾಕಿ ಮುಚ್ಚಿದೆವು. ಮೀಟರ್ ಸ್ವಲ್ಪ ಇಳಿಯಿತು, ಅಷ್ಟೇ. ಬರೀ ಮುಚ್ಚಿದರೆ ಸಾಲದು, ಅದು ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ.

ಕೆಲಸಕ್ಕೆ ಬಂದದ್ದು ನೆಲದಡಿಯಿಂದಲೇ ಗಾಳಿ ಎಳೆಯುವ ಉಪಾಯ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೋರ್ ಕಟಿಂಗ್ ಮೆಷಿನ್ ಇಟ್ಟು ಟೈಲ್ಸು, ಬೆಡ್ ಕಾಂಕ್ರೀಟು ಎರಡನ್ನೂ ಕೊರೆದೆವು. ಕೆಳಗೆ ಸೋಲಿಂಗ್ ಕಲ್ಲು, ಅದರಡಿ ಗ್ರಾವೆಲ್ ಮಣ್ಣು. ಕೈ ಹಾಕಿ ಒಂದೆರಡು ಬಕೆಟ್ ಕಲ್ಲು ಮಣ್ಣು ಹೊರಗೆ ತೆಗೆದು ಗುಂಡಿ ಮಾಡಿದೆವು. ಅಲ್ಲಿಗೆ 4 ಇಂಚಿನ ಪಿವಿಸಿ ಪೈಪ್ ಇಳಿಸಿ, ಸುತ್ತ ಬಿಗಿಯಾಗಿ ಮುಚ್ಚಿ, ಹೊರಗೋಡೆಯ ಮೇಲೆ ತಾರಸಿ ದಾಟಿಸಿ ಬಿಟ್ಟೆವು. ಪೈಪಿನ ಮಧ್ಯೆ ಕೂರಿಸುವಂಥ ಫ್ಯಾನ್ ಇರುತ್ತದಲ್ಲ, ಅದನ್ನು ಮನೆಯ ಹೊರಗೆ, ಮೇಲ್ಗಡೆ ಕೂರಿಸಿದೆವು. ಒಳಗೆ ಕೂರಿಸಬಾರದು. ಫ್ಯಾನಿನ ಮುಂದಿನ ಪೈಪಿನಲ್ಲಿ ಎಲ್ಲಾದರೂ ಲೀಕ್ ಆದರೆ ರೇಡಾನನ್ನು ನಾವೇ ಮನೆಗೆ ಊದಿದ ಹಾಗಾಗುತ್ತದೆ.

ಕೆಲಸ ಸರಿಯಾಗಿದೆಯೋ ಇಲ್ಲವೋ ನೋಡಲು ಮೇಷ್ಟ್ರ ಹೆಂಡತಿ ದೇವರ ಮನೆಯಿಂದ ಊದುಬತ್ತಿ ತಂದುಕೊಟ್ಟರು. ರೂಮಿನ ಆ ತುದಿಯಲ್ಲಿ ನೆಲಕ್ಕೆ ಬೆರಳು ಗಾತ್ರದ ತೂತು ಕೊರೆದು, ಊದುಬತ್ತಿ ಹಿಡಿದೆ. ಫ್ಯಾನ್ ಆಫ್ ಇದ್ದಾಗ ಹೊಗೆ ಮೇಲಕ್ಕೆ ಹೋಗುತ್ತಿತ್ತು. ಆನ್ ಮಾಡಿದ ಮೇಲೆ ಬಗ್ಗಿ, ಸಣ್ಣ ದಾರವಾಗಿ ತೂತಿನೊಳಗೆ ಇಳಿಯಿತು. ಅಂದರೆ ಮೂಲೆಯ ಪೈಪು ಈ ತುದಿಯ ತನಕ ನೆಲದಡಿಯ ಗಾಳಿಯನ್ನು ಎಳೆಯುತ್ತಿದೆ ಅಂತ. 'ಈಗ ನಂಬಿದೆ ಕಣಪ್ಪಾ' ಅಂದರು ಮೇಷ್ಟ್ರು. ತೂತು ಮುಚ್ಚಿದೆವು. ಮೀಟರ್ ನಿಧಾನಕ್ಕೆ ಇಳಿದು ಈಗ 100ರ ಒಳಗೇ ಇದೆ. ಫ್ಯಾನು ಹಗಲು ರಾತ್ರಿ ಓಡುತ್ತಲೇ ಇರಬೇಕು, ಆದರೆ ತಿನ್ನುವುದು ಒಂದು ಬಲ್ಬಿನಷ್ಟು ಕರೆಂಟ್. ಪೈಪು, ಫ್ಯಾನು, ಕೂಲಿ ಎಲ್ಲ ಸೇರಿದರೂ ಒಂದು ತೇಗದ ಬಾಗಿಲಿನ ದುಡ್ಡಾಗಲಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು. ಹೊಸ ಮನೆಯಲ್ಲಿ ಈ ಕೊರೆಯುವ ಗಲಾಟೆಯೇ ಬೇಡ. ಪಾಯ ಮುಗಿದು ಮಣ್ಣು ತುಂಬಿ ದಿಮ್ಮಸು ಹೊಡೆದ ಮೇಲೆ 4 ಇಂಚು ದಪ್ಪಕ್ಕೆ ಬರೀ ದಪ್ಪ ಜಲ್ಲಿ ಹರಡಿ. ಪುಡಿ ಇಲ್ಲದ ಜಲ್ಲಿ ಇರಲಿ, ಗಾಳಿ ಆಡಬೇಕು. ಅದರಲ್ಲಿ ತೂತಿರುವ ಪೈಪ್ ಮಲಗಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ, ಆಮೇಲೆ ಕಾಂಕ್ರೀಟ್ ಹಾಕಿ. ಪೈಪನ್ನು ತಾರಸಿ ದಾಟಿಸಿ. ಮೇಲೊಂದು ಕರೆಂಟ್ ಪಾಯಿಂಟ್ ಬಿಡಿ. ಮನೆ ಮುಗಿದ ಮೇಲೆ ಅಳೆದು, ಜಾಸ್ತಿ ಬಂದರೆ ಫ್ಯಾನ್ ಕೂರಿಸಿದರಾಯಿತು. ಅಮೆರಿಕದಲ್ಲಿ ಹಲವು ಕಡೆ ಹೊಸ ಮನೆಗಳಿಗೆ ಹೀಗೇ ಮಾಡುತ್ತಾರೆ. ಈಶಾನ್ಯದಲ್ಲಿ ಪೈಪ್ ಬರಬಾರದು ಅನ್ನುವವರಿಗೆ ನೈಋತ್ಯದಲ್ಲಿ ಬಿಟ್ಟುಕೊಡೋಣ, ರೇಡಾನ್‌ಗೆ ದಿಕ್ಕಿನ ಹಂಗಿಲ್ಲ. ಒಂದೇ ಎಚ್ಚರಿಕೆ, ಪೈಪಿನ ಮೇಲೆ 'ರೇಡಾನ್' ಅಂತ ಪೇಂಟಿನಲ್ಲಿ ಬರೆಸಿ. ಇಲ್ಲದಿದ್ದರೆ ನಾಳೆ ಯಾರೋ ಪ್ಲಂಬರ್ ಬಂದು ವಾಶ್ ಬೇಸಿನ್ ನೀರನ್ನು ಅದಕ್ಕೇ ಸೇರಿಸುತ್ತಾನೆ.

ಹಳೇ ಮನೆಗಳಲ್ಲಿ ಗವಾಕ್ಷಿ ಇತ್ತು, ಹೆಂಚಿನ ಸಂದಿ ಇತ್ತು, ಗಾಳಿ ತಾನೇ ಆಡುತ್ತಿತ್ತು. ಈಗ ಕಿಟಕಿ ಮೇಲೆ ವೆಂಟಿಲೇಟರ್ ಇಡೋಣ ಅಂದರೆ 'ಎಸಿ ಗಾಳಿ ಹೋಗುತ್ತೆ, ಬೇಡ' ಅನ್ನುತ್ತಾರೆ. ಎಲ್ಲ ಮನೆಯಲ್ಲೂ ರೇಡಾನ್ ಜಾಸ್ತಿ ಇದೆ ಅಂತ ನಾನು ಹೇಳುತ್ತಿಲ್ಲ. ಪಕ್ಕಪಕ್ಕದ ಮನೆಗಳಲ್ಲೇ ವ್ಯತ್ಯಾಸ ಇರುತ್ತದೆ. ಮಹಡಿ ಮೇಲಿನವರಿಗೆ ಸಾಮಾನ್ಯವಾಗಿ ಕಡಿಮೆ. ಅಳೆಯದೆ ಗೊತ್ತಾಗುವುದಿಲ್ಲ.

ಆದರೆ ಅಳೆಸುವುದು ಎಲ್ಲಿ? ನೀರು ಟೆಸ್ಟ್ ಮಾಡಿಸಲು ಜಿಲ್ಲೆಯಲ್ಲಿ ಲ್ಯಾಬ್ ಇದೆ, ಗಾಳಿ ತೋರಿಸಲು ಹೋಗಬೇಕಾದ ಬಾಗಿಲು ನನಗೆ ಸಿಗಲಿಲ್ಲ. ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಭೌತಶಾಸ್ತ್ರದವರು ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ಸಣ್ಣ ಡಬ್ಬಿಯಲ್ಲಿ ಪ್ಲಾಸ್ಟಿಕ್ ಫಿಲ್ಮ್ ಇಟ್ಟು ಮೂರು ತಿಂಗಳು ಮನೆಯಲ್ಲಿ ನೇತುಹಾಕಿದರೆ ಲೆಕ್ಕ ಸಿಗುತ್ತದೆ, ಕರೆಂಟೂ ಬೇಡ. ತುಮಕೂರಿನಲ್ಲಿ ಇಷ್ಟೊಂದು ಕಾಲೇಜುಗಳಿವೆ. ಬಂಡೆ ಮೇಲೆ ಮನೆ ಇರುವ ಕೆಲವು ಬಡಾವಣೆಗಳಿಗಾದರೂ ವಿದ್ಯಾರ್ಥಿಗಳ ಕೈಲಿ ಆ ಡಬ್ಬಿ ಕಳಿಸಲಿ. ಮನೆ ಪ್ಲಾನ್ ಮಂಜೂರು ಮಾಡುವಾಗ ಮಳೆನೀರು ಕೊಯ್ಲಿನ ಬಗ್ಗೆ ಕೇಳುತ್ತಾರಲ್ಲ, ಅದರ ಪಕ್ಕದಲ್ಲೇ ಈ 4 ಇಂಚಿನ ಪೈಪಿಗೂ ಒಂದು ಸಾಲು ಜಾಗ ಕೊಡಲಿ. ನಮ್ಮಂಥ ಮೇಸ್ತ್ರಿಗಳಿಗೆ ಒಂದು ದಿನ ಕರೆದು ತೋರಿಸಿದರೆ ಸಾಕು, ಊದುಬತ್ತಿ ನಾವೇ ತರುತ್ತೇವೆ.

ಇಂತಿ,
ಒಬ್ಬ ಕಟ್ಟಡ ಮೇಸ್ತ್ರಿ
ಕ್ಯಾತ್ಸಂದ್ರ, ತುಮಕೂರು